ಓಗುಡ್ಡ ಸೇರಿದ ಹೆಸರುಗಳು

ಒಂದಾನೊಂದು ಊರಿನಲ್ಲಿ, ಅಂದರೆ ಎರಡನೆಯ ಊರು ಇನ್ನೂ ಹುಟ್ಟಿರದೇ ಇದ್ದುದರಿಂದ ಅದೊಂದೇ ಊರಾಗಿದ್ದ ಊರಿನಲ್ಲಿ, ಒಬ್ಬ ರಾಜ ಇದ್ದ. ಊರಿನ ಹೆಸರು ಹುರುಳಿಪಟ್ಟಣ. ರಾಜನ ಹೆಸರು ಬೊಮ್ಮಭೂಪಾಲ. ಹೂಂಗುಟ್ಟುತ್ತಾ ಕೇಳಿ. ನೀವು ಹೂಂ ಅನ್ನದಿದ್ದರೆ ಕತೆ ಎದ್ದು ಪಕ್ಕದ ಮನೆಗೆ ಹೋಗುತ್ತದೆ.

ಬೊಮ್ಮಭೂಪಾಲನಿಗೆ ಯುದ್ಧ ಬೇಡ, ಬೇಟೆ ಬೇಡ, ಕುದುರೆ ಬೇಡ. ಕಿರೀಟವೂ ಅಷ್ಟಕ್ಕಷ್ಟೇ. ಅವನಿಗೆ ಬೇಕಾದದ್ದು ಒಂದೇ. ಮಧ್ಯಾಹ್ನದ ಸಾರಿಗೆ ಒಗ್ಗರಣೆ ಹಾಕುವಾಗ ಸಾಸಿವೆ ಚಟಪಟ ಅನ್ನಬೇಕು. ಅದನ್ನು ಅವನು ಕಣ್ಣು ಮುಚ್ಚಿಕೊಂಡು ಕೇಳಬೇಕು. ಕೇಳಿದ ಮೇಲೇ ಊಟ. ಸಾಸಿವೆ ಸಿಡಿಯದೆ ರಾಜ ಉಣ್ಣುವಂತಿಲ್ಲ. ರಾಜ ಉಣ್ಣದೆ ರಾಣಿ ಉಣ್ಣುವಂತಿಲ್ಲ. ರಾಣಿ ಉಣ್ಣದೆ ಊರು ಉಣ್ಣುವಂತಿಲ್ಲ. ಊರು ಉಣ್ಣದೆ ಊರ ನಾಯಿಗಳೂ ಉಣ್ಣುವಂತಿಲ್ಲ. ಹಾಗಾಗಿ ಹೊತ್ತು ನೆತ್ತಿಗೆ ಬರುತ್ತಲೇ ಇಡೀ ಹುರುಳಿಪಟ್ಟಣ ತಟ್ಟೆ ಮುಂದಿಟ್ಟುಕೊಂಡು, ಅರಮನೆಯ ಅಡುಗೆಮನೆಯ ಕಡೆ ಕಿವಿ ಕೊಟ್ಟು ಕೂರುತ್ತಿತ್ತು.

ಈ ಅರಮನೆಗೆ ಒಬ್ಬ ಪಾರುಪತ್ಯಗಾರ. ಒಳಗಿನ ಉಸ್ತುವಾರಿಯೆಲ್ಲ ಅವನದೇ. ಮಹಾ ಜಾಣ. ಕುದುರೆ ಕೆಮ್ಮಿದರೆ ಸಾಕು, ಲಾಯದ ಯಾವ ಮೂಲೆಯಲ್ಲಿ ಹುಲ್ಲು ಒದ್ದೆಯಾಗಿದೆ ಅಂತ ಇಲ್ಲಿ ಕೂತೇ ಹೇಳುತ್ತಿದ್ದ. ದೀಪದ ಹೊಗೆ ನೋಡಿ ಎಣ್ಣೆಗೆ ನೀರು ಬೆರೆಸಿದವರ ಕೈ ಎಡವೋ ಬಲವೋ ಅಂತ ಹೇಳುತ್ತಿದ್ದ. ಆದರೆ ಒಂದೇ ಒಂದು ಕೊರತೆ. ಯಾರ ಹೆಸರೂ ಅವನ ತಲೆಯಲ್ಲಿ ನಿಲ್ಲುತ್ತಿರಲಿಲ್ಲ.

"ಇವರೇ, ಒಲೆ ಹಚ್ಚಿ."

"ಇವರೇ, ಬಾಗಿಲು ತೆಗೀರಿ."

"ಇವರೇ, ಆ ಇವರನ್ನ ಕರೆದು, ಈ ಇವರ ಹತ್ತಿರ ಕಳಿಸಿ."

ಅಡುಗೆಯವನು ಒಮ್ಮೆ ಧೈರ್ಯ ಮಾಡಿ ಹೇಳಿದ್ದ. "ಸ್ವಾಮಿ, ನನ್ನ ಹೆಸರು ಹೊಂಬಾಳಯ್ಯ ಅಂತ."

"ಕೆಲಸ ಗೊತ್ತಲ್ಲ ಇವರೇ, ಸಾಕು. ಹೆಸರೇನು ಉಪ್ಪಿನಕಾಯಿ ಹಾಕ್ಕೊಳ್ಳೋಕಾ?" ಅಂದಿದ್ದ ಪಾರುಪತ್ಯಗಾರ.

ಅವನು ಕೆಟ್ಟವನೇನಲ್ಲ. ಎದುರಿನವರು ಹೆಸರು ಹೇಳುವ ಹೊತ್ತಿಗೆ ಸರಿಯಾಗಿ ಅವನ ಕಿವಿಯೊಳಗೆ ಅವನದೇ ಹೆಸರು ಗುಂಯ್ ಅನ್ನುತ್ತಿತ್ತು. ನಾನು ಈಗ ಏನು ಹೇಳಲಿ, ಎದೆ ಎಷ್ಟು ಉಬ್ಬಿಸಲಿ, ನಕ್ಕರೆ ಹಗುರ ಆದೇನಾ ಅಂತ ಯೋಚಿಸುತ್ತಿದ್ದ. ಅಷ್ಟರಲ್ಲಿ ಎದುರಿನವರ ಹೆಸರು ಗಾಳಿಗೆ ಹೋಗಿರುತ್ತಿತ್ತು. ಮತ್ತೆ ಕೇಳಲು ನಾಚಿಕೆ. ಒಂದು ವರ್ಷ ಕಳೆದ ಮೇಲಂತೂ ಕೇಳುವುದು ಹೇಗೆ? ಅದಕ್ಕೇ ಇವರೇ.

ದೊಡ್ಡವರು ಕೆಮ್ಮಿದರೆ ಚಿಕ್ಕವರಿಗೂ ಕೆಮ್ಮು. ಸ್ವಲ್ಪ ದಿನಕ್ಕೆ ಅರಮನೆಯಲ್ಲಿ ಎಲ್ಲರೂ ಎಲ್ಲರಿಗೂ ಇವರೇ ಆದರು.

ಈಗ ಒಂದು ಮಾತು ತಿಳಿದುಕೊಳ್ಳಿ. ಹೆಸರಿಗೂ ಹೊಟ್ಟೆ ಇದೆ. ಯಾರಾದರೂ ಕರೆದರೆ ಅದೇ ಅದರ ಊಟ. ಓ ಅಂದರೆ ಅದೇ ಅದರ ತೇಗು. ಯಾರೂ ಕರೆಯದೆ ಹೋದರೆ ಹೆಸರು ಹಸಿದುಕೊಂಡು ಎಷ್ಟು ದಿನ ಅಂತ ಇರುತ್ತದೆ?

ಒಂದು ದಿನ ಬೆಳಗ್ಗೆ ಹೊಂಬಾಳಯ್ಯ ಬಗ್ಗಿ ಒಲೆ ಊದುತ್ತಿದ್ದ. ಅವನ ಹೆಸರು ಹೆಗಲ ಮೇಲಿಂದ ಮೆಲ್ಲಗೆ ಇಳಿಯಿತು. ಮೈಮೇಲಿನ ಬೂದಿ ಕೊಡವಿಕೊಂಡಿತು. "ನಾನು ಬರ್ತೀನಪ್ಪ" ಅಂದಿತು. ಹಿಂಬಾಗಿಲಿನಿಂದ ಹೊರಟೇಹೋಯಿತು.

ಹೊಂಬಾಳಯ್ಯನಿಗೆ ಗೊತ್ತಾಗಲಿಲ್ಲ. ಮಧ್ಯಾಹ್ನ ಒಗ್ಗರಣೆ ಸೌಟು ಇಟ್ಟ. ಎಣ್ಣೆ ಕಾಯಿತು. ಸಾಸಿವೆ ಹಾಕಿದ.

ಹುರುಳಿಪಟ್ಟಣದ ಸಾಸಿವೆಗಳು ಸುಮ್ಮನೆ ಸಿಡಿಯುವ ಸಾಸಿವೆಗಳಲ್ಲ. ಮೊದಲು ಕೇಳುತ್ತಿದ್ದವು.

"ಯಾರದು?"

ದಿನಾ ಅವನು "ನಾನು ಹೊಂಬಾಳಯ್ಯ" ಅನ್ನುತ್ತಿದ್ದ. "ನೀವಾ? ಹಂಗಾದ್ರೆ ಸರಿ" ಅಂತ ಅವು ಚಟಪಟ ಸಿಡಿಯುತ್ತಿದ್ದವು. ಇವತ್ತು ಬಾಯಿ ತೆರೆದ. ಹೆಸರು ಬರಲಿಲ್ಲ.

"ನಾನು" ಅಂದ.

"ನಾನು ಅಂದ್ರೆ?"

"ಇವರೇ."

"ಯಾವ ಇವರೇ?"

"ಪಾರುಪತ್ಯಗಾರರು ಅಂತಾರಲ್ಲ, ಆ ಇವರೇ."

ಸಾಸಿವೆಗಳು ಮುಖ ಮುಖ ನೋಡಿಕೊಂಡವು. "ಗುರುತು ಪರಿಚಯ ಇಲ್ಲದವರ ಎಣ್ಣೇಲಿ ನಾವು ಸಿಡಿಯಲ್ಲ. ನಮಗೂ ಮಾನ ಮರ್ಯಾದೆ ಇದೆ" ಅಂದವು. ಅಂದು, ಕಾದ ಎಣ್ಣೆಯಲ್ಲಿ ಅಭ್ಯಂಜನಕ್ಕೆ ಕೂತವರ ಹಾಗೆ ಕೂತುಬಿಟ್ಟವು.

ರಾಜ ಕಣ್ಣು ಮುಚ್ಚಿಕೊಂಡು ಕಾದ. ನೆತ್ತಿಯ ಮೇಲಿದ್ದ ಸೂರ್ಯ ಪಡುವಣಕ್ಕೆ ಜಾರಿದ. ಸದ್ದಿಲ್ಲ.

"ಬೇರೆ ಅಡುಗೆಯವರನ್ನ ಕರೀರಿ" ಅಂದ ರಾಜ.

ಪಾರುಪತ್ಯಗಾರ ಕೂಗಿದ. "ಇವರೇ!"

ಇಡೀ ಅರಮನೆ ಓಡಿಬಂತು. ಮಾವುತ ಬಂದ, ದರ್ಜಿ ಬಂದ, ವೈದ್ಯ ಬಂದ, ನೀರು ಹೊರುವವರು ಬಂದರು, ಸೇನಾಪತಿ ಕತ್ತಿ ಹಿಡಿದು ಬಂದ.

"ನೀವಲ್ಲ!" ಅಂದ ಪಾರುಪತ್ಯಗಾರ.

ಇಡೀ ಅರಮನೆ ವಾಪಸು ಹೋಯಿತು.

ಒಂದು ಹೆಸರು ಹೋದ ಸುದ್ದಿ ತಿಳಿದು ಉಳಿದ ಹೆಸರುಗಳಿಗೂ ಧೈರ್ಯ ಬಂತು. ಬಾಗಿಲು ಕಾಯುವ ಕರಿಗೂಳಿಯ ಹೆಸರು ಹೋಯಿತು. ಅವನು ನಶ್ಯ ತರಲು ಹೊರಗೆ ಹೋಗಿದ್ದ. ಬಂದು ಬಾಗಿಲು ತಟ್ಟಿದರೆ ಬಾಗಿಲು "ಯಾರು?" ಅಂತು. "ಇವರೇ" ಅಂದ. "ಇವರೇ ಆದ್ರೆ ನಾಳೆ ಬನ್ನಿ" ಅಂತು ಬಾಗಿಲು. ಕಸ ಗುಡಿಸುವ ಸಣ್ಣತಾಯಮ್ಮನ ಹೆಸರು ಹೋಯಿತು. ಪೊರಕೆ ಅವಳ ಕೈಯಿಂದ ಹಾರಿ ಮೂಲೆಗೆ ನಿಂತಿತು. ವೈದ್ಯ ಕುದುರೆಗೆ ಅರೆದ ಔಷಧಿಯನ್ನು "ಇವರಿಗೆ ಕುಡಿಸಿ" ಅಂತ ಕೊಟ್ಟ. ಅದನ್ನು ಸೇನಾಪತಿಗೆ ಕುಡಿಸಿದರು. ಸೇನಾಪತಿ ನಿಂತುಕೊಂಡೇ ನಿದ್ದೆ ಮಾಡತೊಡಗಿದ.

ನಗಬೇಡಿ. ಮಾರನೆಯ ದಿನವೂ ಸಾಸಿವೆ ಸಿಡಿಯಲಿಲ್ಲ. ಊರಲ್ಲಿ ತಟ್ಟೆಗಳು ಖಾಲಿ ಇದ್ದವು. ಮುದುಕಿಯರು ಜಗಲಿಯ ಮೇಲೆ ಕೂತು, ದಾರಿಹೋಕರನ್ನು "ನಮ್ಮ ರಾಜ ಉಂಡನಾ ಮಗಾ?" ಅಂತ ಕೇಳುತ್ತಿದ್ದರು. ಬಾಣಂತಿಯರ ಕಣ್ಣುಗಳು ಒಳಗೆ ಹೋಗಿದ್ದವು.

ರಾಜ ಪಾರುಪತ್ಯಗಾರನನ್ನು ಕರೆಸಿದ.

"ಸಾಸಿವೆ ಯಾಕೆ ಸಿಡೀತಿಲ್ಲ?"

"ಮಹಾಪ್ರಭು, ಅಡುಗೆಯವರ ಹೆಸರು ಕಾಣೆಯಾಗಿದೆ."

"ಏನು ಅವರ ಹೆಸರು?"

ಪಾರುಪತ್ಯಗಾರ ತಲೆ ತಗ್ಗಿಸಿದ.

"ನಿಮ್ಮ ಕೈಕೆಳಗೆ ಯಾವಾಗಿಂದ ಇದ್ದಾರೆ?"

"ನಾನು ಬಂದಾಗಿಂದ, ಮಹಾಪ್ರಭು."

"ಹೆಸರು?"

"...ಇವರೇ."

ಬೊಮ್ಮಭೂಪಾಲ ಬೈಯಲಿಲ್ಲ. ಕಿರೀಟ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. "ನನಗೂ ಗೊತ್ತಿಲ್ಲ" ಅಂದ. "ಇಷ್ಟು ವರ್ಷ ಅವರ ಕೈಯೂಟ ಉಂಡೆ. ಹೋಗಿ. ಹೆಸರುಗಳನ್ನ ಕರ್ಕೊಂಡು ಬನ್ನಿ. ಅಲ್ಲೀವರೆಗೆ ನಾನು ಉಣ್ಣಲ್ಲ, ನೀವು ಮುಖ ತೋರಿಸಬೇಡಿ."

ಪಾರುಪತ್ಯಗಾರ ಮನೆಗೆ ಬಂದ. ಹೆಂಡತಿ ಹಿತ್ತಲಲ್ಲಿ ಹೆಸರುಕಾಳು ಕೇರುತ್ತಿದ್ದಳು.

"ಇವಳೇ, ಬುತ್ತಿ ಕಟ್ಟು. ನಾನು ಹೊರಡಬೇಕು."

"ರಾಜರು ಉಣ್ಣದೆ ಬುತ್ತಿ ಹೇಗೆ ಕಟ್ಟಲಿ? ಬರೀ ಬಟ್ಟೆ ಗಂಟು ಹಾಕಿ ಕೊಡ್ತೀನಿ, ತಗೊಳ್ಳಿ" ಅಂತ ಅವಳು ಖಾಲಿ ಬಟ್ಟೆಯನ್ನೇ ಅಂದವಾಗಿ ಗಂಟು ಹಾಕಿ ಕೊಟ್ಟಳು. "ಯಾವ ಕಡೆಗೆ?"

"ಹೆಸರುಗಳು ಹೋದ ಕಡೆಗೆ. ಯಾವ ಕಡೆ ಅಂತ ದೇವರಿಗೇ ಗೊತ್ತು."

"ದೇವರಿಗೆ ಯಾಕೆ, ನಂಗೇ ಗೊತ್ತು. ಇಲ್ಲೇ ಕೂತು ನೋಡಿದೆ. ಬೇಲಿ ಪಕ್ಕದಲ್ಲಿ ಸಾಲಾಗಿ ಹೋದವು. ಓಗುಡ್ಡದ ಕಡೆಗೆ."

"ನೋಡಿ ಸುಮ್ಮನಿದ್ಯಾ? ತಡೀಬೇಕು ತಾನೆ?"

"ಹಸಿದುಕೊಂಡು ಹೋಗೋರನ್ನ ಏನು ಕೊಟ್ಟು ತಡೀಲಿ?" ಅಂದಳು ಅವಳು. ಮತ್ತೆ ಮೊರ ಕೈಗೆತ್ತಿಕೊಂಡಳು.

ಓಗುಡ್ಡ ಅಂದರೆ ಊರ ಮೂಡಲಿಗಿದ್ದ ದೊಡ್ಡ ಬೋಳು ಬಂಡೆ. ಅಲ್ಲಿ ಏನು ಕೂಗಿದರೂ ಗುಡ್ಡ ಅದನ್ನೇ ವಾಪಸು ಕೂಗುತ್ತದೆ. ಮನುಷ್ಯರು ಕರೆಯದಿದ್ದರೆ ಬೇಡ, ಹೆಸರುಗಳು ಅಲ್ಲಿಗೆ ಹೋಗಿ ತಮ್ಮನ್ನು ತಾವೇ ಕರೆದುಕೊಳ್ಳುತ್ತವೆ. ಗುಡ್ಡ ಅವನ್ನು ಮತ್ತೊಮ್ಮೆ ಕರೆಯುತ್ತದೆ. ಹೊಟ್ಟೆ ತುಂಬುತ್ತದೆ.

ಪಾರುಪತ್ಯಗಾರ ಏದುಸಿರು ಬಿಡುತ್ತಾ ಗುಡ್ಡ ಹತ್ತಿದ. ನೆತ್ತಿಗೆ ಬಂದು ತಲೆ ಎತ್ತಿದ. ಎತ್ತಿದ ತಲೆ ಇಳಿಸುವುದನ್ನು ಮರೆತ.

ಬಂಡೆಯ ತುಂಬಾ ಹೆಸರುಗಳು. ಹೆಸರು ಅಂದರೆ ಬರೀ ಸದ್ದು ಅಂತ ತಿಳಿದುಕೊಂಡಿದ್ದ ಅವನು. ಅಲ್ಲ. ಒಂದೊಂದಕ್ಕೂ ಮೈ ಇತ್ತು, ಬಣ್ಣ ಇತ್ತು, ಹತ್ತಿರ ಹೋದರೆ ತಾಕುವ ಬಿಸಿ ಇತ್ತು. ಒಂದು ಹೆಸರು ಆನೆಯಷ್ಟು ದೊಡ್ಡದು. ಹಾಲಿನ ಬಣ್ಣ. ಕಿವಿ ಬೀಸುತ್ತಾ ನಿಂತು ತನ್ನನ್ನು ತಾನು ನಿಧಾನವಾಗಿ ಕರೆದುಕೊಂಡಿತು. "ಹೊಂಬಾಳಯ್ಯಾ..." ಗುಡ್ಡವೂ ಕರೆಯಿತು. "ಹೊಂಬಾಳಯ್ಯಾ..." ಬಂಡೆ ಕಾಲಕೆಳಗೆ ನಡುಗಿತು.

'ಆ ಒಲೆ ಮುಂದೆ ಕೂರೋ ಸಣಕಲು ಮನುಷ್ಯನ ಹೆಸರಾ ಇದು?' ಅಂದುಕೊಂಡ ಪಾರುಪತ್ಯಗಾರ.

ಕಸ ಗುಡಿಸುವ ಸಣ್ಣತಾಯಮ್ಮನ ಹೆಸರು ತಾಳೆಮರಕ್ಕಿಂತ ಎತ್ತರ ಇತ್ತು. ಅದರ ತಲೆಗೂದಲಿಗೆ ಒಂದು ಮೋಡ ಸಿಕ್ಕಿಕೊಂಡು, ಬಿಡಿಸಿಕೊಳ್ಳಲು ಮನಸ್ಸಿಲ್ಲದೆ ಅಲ್ಲೇ ಉಳಿದಿತ್ತು. ಕರಿಗೂಳಿಯ ಹೆಸರು ಎರಡು ಹೋಳು. ಹೋಳುಗಳು ಬಾಗಿಲ ಹಾಗೆ ತೆರೆದುಕೊಂಡಾಗ ನಡುವೆ ಒಂದು ಕಡಲು ಕಾಣುತ್ತಿತ್ತು. ಹುರುಳಿಪಟ್ಟಣದವರು ಯಾರೂ ಕಂಡಿರದ ಕಡಲು. ಸೇನಾಪತಿ ರಣಭೈರವನ ಹೆಸರು ಕೋಳಿಮರಿಯಷ್ಟು. ಉಳಿದ ಹೆಸರುಗಳ ಕಾಲಸಂದಿಯಲ್ಲಿ ಚಿಂವ್ ಚಿಂವ್ ಅನ್ನುತ್ತಾ ಓಡಾಡುತ್ತಿತ್ತು. ಎಲ್ಲಕ್ಕಿಂತ ಆಚೆ ಒಂದು ನೀಲಿ ಹೆಸರು ಏನೂ ಕೂಗದೆ, ಊರಿನ ಕಡೆಗೆ ಮುಖ ಮಾಡಿ ಕೂತಿತ್ತು.

ಪಾರುಪತ್ಯಗಾರ ಬಂಡೆಯ ಮೇಲೆ ಮೊಣಕಾಲೂರಿ ಕೂತ. ದಿನಾ ಬೆಳಗ್ಗೆ ಇವುಗಳ ಪಕ್ಕದಲ್ಲೇ ನಡೆದು ಹೋಗುತ್ತಿದ್ದೆನಲ್ಲ. ಇವುಗಳ ಮುಂದೆ ನಿಂತು ಒಲೆ ಹಚ್ಚಿ ಅಂದೆನಲ್ಲ.

ಆದರೂ ಅಧಿಕಾರದ ನಾಲಿಗೆ ಅಷ್ಟು ಬೇಗ ಬಗ್ಗುತ್ತದೆಯೇ? ಎದ್ದು ನಿಂತು ಗಟ್ಟಿಯಾಗಿ ಅಪ್ಪಣೆ ಮಾಡಿದ. "ಇವರೇ, ಎಲ್ಲ ಹೊರಡಿ!"

ಯಾವ ಹೆಸರೂ ಅಲ್ಲಾಡಲಿಲ್ಲ. ಗುಡ್ಡ ವಾಪಸು ಕೂಗಿತು. "ಇವರೇ, ಎಲ್ಲ ಹೊರಡಿ!" ಅಲ್ಲಿ ಇವರೇ ಅನ್ನಿಸಿಕೊಳ್ಳಬಹುದಾದವನು ಅವನೊಬ್ಬನೇ. ಹಾಗಾಗಿ ಅವನೇ ತಿರುಗಿ ಸರಸರ ಗುಡ್ಡ ಇಳಿಯತೊಡಗಿದ. ಅರ್ಧ ಇಳಿದ ಮೇಲೆ ಎಚ್ಚರಾಗಿ ಮತ್ತೆ ಹತ್ತಿ ಬಂದ.

ಆಗ ಒಂದು ಹಳೇ ಹೆಸರು ಕೋಲೂರಿಕೊಂಡು ಹತ್ತಿರ ಬಂತು. ಅದರ ಅಂಚುಗಳೆಲ್ಲ ಸವೆದು ಒಳಗಿನ ಬೆಳಕು ಹೊರಗೆ ಕಾಣುತ್ತಿತ್ತು.

"ಯಾರಪ್ಪ ನೀವು?"

"ಅರಮನೆ ಪಾರುಪತ್ಯಗಾರ."

"ಅದು ಕೆಲಸ. ಇರಲಿ. ಏನು ಬಂದಿರಿ?"

"ಊರು ಹಸಿದಿದೆ. ಹೆಸರುಗಳನ್ನ ಕರ್ಕೊಂಡು ಹೋಗಬೇಕು."

"ನಾವು ನಡೆಯೋದು ಮುನಿಸಿಕೊಂಡಾಗ ಮಾತ್ರ. ವಾಪಸು ಹೋಗೋದು ನಾಲಿಗೆ ಮೇಲೆ. ಕಿವಿಯಿಂದ ಒಳಗೆ ಕರ್ಕೊಂಡು, ನಾಲಿಗೆ ಮೇಲೆ ಕೂರಿಸಿಕೊಂಡು, ಹೊತ್ತುಕೊಂಡು ಹೋಗಬೇಕು."

ಪಾರುಪತ್ಯಗಾರ ಬಗ್ಗಿ ಕಿವಿ ಕೊಟ್ಟ. ಆನೆಯಂಥ ಹೆಸರು ಮೈ ಕುಗ್ಗಿಸಿಕೊಂಡು ಕಿವಿಯೊಳಗೆ ಸೊಂಡಿಲು ಹಾಕಿತು. ಹಾಕಿದ್ದೇ ವಾಪಸು ಎಳೆದುಕೊಂಡಿತು. "ಒಳಗೆ ಯಾರೋ ಇದ್ದಾರೆ" ಅಂತು.

ಹಳೇ ಹೆಸರು ಇಣುಕಿ ನೋಡಿತು. "ಅಯ್ಯೋ ಶಿವನೇ! ನಿಮ್ಮದೇ ಹೆಸರು ಗಾದಿ ಹಾಸ್ಕೊಂಡು ಕೂತಿದೆಯಲ್ಲಪ್ಪ! ಇನ್ನೊಬ್ಬರು ಒಳಗೆ ಬರೋದು ಹೇಗೆ? ಅದನ್ನ ಇಲ್ಲಿ ಒತ್ತೆ ಇಡಿ. ಕಿವಿ ತೆರವಾಗುತ್ತೆ."

"ಆಮೇಲೆ ಬಂದು ಬಿಡಿಸಿಕೊಳ್ಳಬಹುದಾ?"

"ನಿಮ್ಮ ಕೈಲಾಗಲ್ಲ. ಇಟ್ಟ ಕೂಡಲೇ ಅದು ನಿಮಗೇ ಮರೆತುಹೋಗುತ್ತೆ. ಬೇರೆ ಯಾರಾದ್ರೂ ಇಲ್ಲಿಗೆ ಬಂದು, ನಿಮ್ಮ ಹೆಸರು ಹಿಡಿದು ಕರೀಬೇಕು."

"ಯಾರು ಕರೀತಾರೆ?"

"ನೀವು ಯಾರನ್ನ ಕರೆದಿದ್ದೀರೋ ಅವರು."

ಪಾರುಪತ್ಯಗಾರ ಬೆರಳು ಮಡಚಿ ಎಣಿಸಲು ಹೊರಟ. ಮಡಚಲು ಒಂದು ಬೆರಳೂ ಏಳಲಿಲ್ಲ. ಬಂಡೆಯ ಮೇಲೆ ಕುಸಿದು ಕೂತ. ಹೆಸರಿಲ್ಲದೆ ಅರಮನೆಗೆ ಹೋದರೆ ತನಗೇನು ಬೆಲೆ? ನಾಳೆ ಸತ್ತರೆ ಏನಂತ ಅಳುತ್ತಾರೆ? ಅಷ್ಟರಲ್ಲಿ ಕೆಳಗೆ ಊರಿನಿಂದ ಒಂದು ಸದ್ದು ತೇಲಿ ಬಂತು. ಯಾವುದೋ ಮನೆಯಲ್ಲಿ ಒಂದು ಕೂಸು ಖಾಲಿ ತಟ್ಟೆಯನ್ನು ಟಣ್ ಟಣ್ ಅಂತ ಬಡಿಯುತ್ತಿತ್ತು. ಗುಡ್ಡ ಅದನ್ನೂ ವಾಪಸು ಬಡಿಯಿತು. ಟಣ್. ಟಣ್.

ಅವನು ಎದ್ದ. ಕೆರೆಯಲ್ಲಿ ಈಜಿ ಬಂದವರು ಕಿವಿಯ ನೀರು ತೆಗೆಯಲು ಕುಣಿಯುತ್ತಾರಲ್ಲ, ಹಾಗೆ ತಲೆ ವಾಲಿಸಿಕೊಂಡು ಒಂಟಿ ಕಾಲಲ್ಲಿ ಕುಣಿದ. ಪೊಳಕ್ ಅಂತ ಅವನ ಹೆಸರು ಆಚೆ ಬಿತ್ತು. ಪೂರಿಯ ಹಾಗೆ ಉಬ್ಬಿತ್ತು. ನೋಡುತ್ತಿದ್ದಂತೆ ಸುಸ್ಸ್ ಅಂತ ಗಾಳಿ ಹೋಗಿ, ಬಂಡೆಯ ಮೇಲೆ ಉಳಿದದ್ದು ಗುಬ್ಬಿಮರಿಯಷ್ಟು. ಕಣ್ಣು ಕೂಡ ಸರಿಯಾಗಿ ತೆರೆದಿರಲಿಲ್ಲ.

"ಇಷ್ಟೇನಾ?" ಅಂದ ಅವನು.

"ಇಷ್ಟಾದ್ರೂ ಇದೆಯಲ್ಲ" ಅಂತ ಹಳೇ ಹೆಸರು ಅದನ್ನು ಮಡಿಲಿಗೆ ಎತ್ತಿಕೊಂಡಿತು.

ಆಗ ಅವನ ಕಿವಿಯಲ್ಲಿ ಮೌನ ಆಯಿತು. ಹುಟ್ಟಿದಾಗಿನಿಂದ ಅಂಥ ಮೌನ ಅವನು ಕೇಳಿರಲಿಲ್ಲ. ಗಾಳಿ ಬಂಡೆಯನ್ನು ಸವರುವುದು ಕೇಳಿಸಿತು. ಇರುವೆ ಇರುವೆಗೆ ದಾರಿ ಬಿಡುವುದು ಕೇಳಿಸಿತು. ಆಮೇಲೆ ಹೆಸರುಗಳು ಒಂದೊಂದಾಗಿ ಒಳಗೆ ಬಂದವು. ಆನೆ ಬಂತು, ತಾಳೆಮರ ಬಂತು, ಮೋಡವೂ ಬಂತು, ಕಡಲಿನ ಬಾಗಿಲು ಬಂತು. 'ನನ್ನೊಳಗೆ ಇಷ್ಟು ಜಾಗ ಇತ್ತಾ?' ಅಂತ ಅವನು ಬೆರಗಾಗಿ ನಿಂತ. ನೀಲಿ ಹೆಸರು ಕೊನೆಗೆ, ಸದ್ದಿಲ್ಲದೆ ಬಂದು ನಾಲಿಗೆಯ ತುದಿಯಲ್ಲಿ ಕೂತಿತು.

"ನೀವೂ ಬನ್ನಿ" ಅಂದ ಹಳೇ ಹೆಸರಿಗೆ.

"ನಾನು ಬರಲ್ಲಪ್ಪ. ನನ್ನನ್ನ ಹೊತ್ತವರೂ ಇಲ್ಲ, ಕರೆದವರೂ ಇಲ್ಲ. ಎಲ್ಲರೂ ಮಣ್ಣಾದರು."

"ನಿಮ್ಮನ್ನ ಏನಂತ ಕರೀತಿದ್ದರು?"

ಪಾರುಪತ್ಯಗಾರ ತನ್ನ ಜೀವಮಾನದಲ್ಲಿ ತಾನಾಗಿ ಬಾಯಿಬಿಟ್ಟು ಕೇಳಿದ ಮೊದಲನೆಯ ಹೆಸರು ಅದು. ಹಳೇ ಹೆಸರಿನ ಬೆಳಕು ಒಮ್ಮೆ ಜೋರಾಗಿ ಉರಿಯಿತು. ಅವನ ಕಿವಿಯಲ್ಲಿ ಮೆಲ್ಲಗೆ ಹೇಳಿತು. ಏನಂತ ಹೇಳಿತೋ ನನಗೂ ಗೊತ್ತಿಲ್ಲ. ಅವನು ಕೈಮುಗಿದ.

ಬಾಯಿ ತುಂಬ ಅರಮನೆಯನ್ನೇ ತುಂಬಿಕೊಂಡು ಗುಡ್ಡ ಇಳಿದ. ಮಾತಾಡುವಂತಿಲ್ಲ, ಆಕಳಿಸುವಂತಿಲ್ಲ. ದಾರಿಯಲ್ಲಿ ಯಾರೋ ಕೆಂಪು ಮೆಣಸಿನಕಾಯಿ ಒಣಹಾಕಿದ್ದರು. ಮೆಣಸಿನಕಾಯಿಗಳು ಇವನನ್ನು ಕಂಡದ್ದೇ ಪುಸಲಾಯಿಸತೊಡಗಿದವು. "ಸೀನಿ ಸ್ವಾಮಿ, ಒಂದೇ ಒಂದು ಸಲ ಸೀನಿ! ಹೆಸರುಗಳು ನಮ್ಮ ಮೇಲೆ ಬೀಳಲಿ. ನಮಗೂ ಹೆಸರು ಬಂದ್ರೆ ನಮ್ಮನ್ನ ಕುಟ್ಟೋಕೆ ಯಾರಿಗೆ ಮನಸ್ಸು ಬರುತ್ತೆ?" ಮಾತೇನೋ ನ್ಯಾಯವೇ. ಆದರೆ ಊರು ಹಸಿದಿತ್ತು. ಪಾರುಪತ್ಯಗಾರ ಸೀನನ್ನು ಬಿಗಿಹಿಡಿದ. ಸೀನು ಹೊರಗೆ ಹೋಗಲು ದಾರಿ ಇಲ್ಲದೆ ಮೂಗಿನಲ್ಲೇ ಮನೆ ಮಾಡಿತು. ಮೂಗು ಬದನೆಕಾಯಿಯಷ್ಟಾಯಿತು. ಆ ಬದನೆಕಾಯಿ ಹೊತ್ತುಕೊಂಡೇ ಅರಮನೆಗೆ ಬಂದ. ನೆಟ್ಟಗೆ ಅಡುಗೆಮನೆಗೆ ಹೋದ.

ಅಲ್ಲಿ ಒಂದು ತೊಡಕು. ಹೆಸರು ಬರೀ ಬಾಯಿಂದ ಇಳಿಯುವುದಿಲ್ಲ. ಮುಖ ನೋಡಿದರೇ ಇಳಿಯುವುದು. ಪಾರುಪತ್ಯಗಾರ ಇಷ್ಟು ವರ್ಷ ನೋಡಿದ್ದು ಒಲೆಯನ್ನು, ಪಾತ್ರೆಯನ್ನು. ಇವತ್ತು ಅಡುಗೆಯವನ ಮುಖ ನೋಡಿದ. ಹುಬ್ಬಿನ ಪಕ್ಕ ಒಂದು ಮಚ್ಚೆ. ಹೊಗೆಗೆ ಕೆಂಪಾದ ಕಣ್ಣು. ನಗಲೋ ಬೇಡವೋ ಅಂತ ಕೇಳುತ್ತಿರುವ ತುಟಿ.

"ಹೊಂಬಾಳಯ್ಯನವರೇ" ಅಂದ.

ಸಣಕಲು ಮನುಷ್ಯ ನೆಟ್ಟಗಾದ. "ಓ!" ಅಂದ.

ಅಡುಗೆಮನೆಯ ಹೆಂಚುಗಳು ಒಮ್ಮೆ ಮೇಲೆದ್ದು ಮತ್ತೆ ತಮ್ಮ ತಮ್ಮ ಜಾಗದಲ್ಲಿ ಕೂತವು. ಆನೆಯಷ್ಟು ದೊಡ್ಡದು ಹೊಂಬಾಳಯ್ಯನ ಎದೆಯೊಳಗೆ ಹೋಗಿದ್ದನ್ನು ಪಾರುಪತ್ಯಗಾರ ಕಣ್ಣಾರೆ ಕಂಡ. ಎಣ್ಣೆಯಲ್ಲಿ ನೆನೆಯುತ್ತಿದ್ದ ಸಾಸಿವೆಗಳು ಕತ್ತೆತ್ತಿದವು. "ಯಾರದು?"

"ನಾನು ಹೊಂಬಾಳಯ್ಯ!"

"ಎಲ್ಲಿಗೆ ಹೋಗಿದ್ರಿ ಮಾರಾಯರೇ!" ಅಂತ ಅವು ಸಿಡಿದವು ನೋಡಿ. ಚಟಪಟ ಅಲ್ಲ, ಎರಡು ದಿನದ್ದೂ ಸೇರಿಸಿ ಸಿಡಿದವು. ರಾಜ ಉಂಡ. ರಾಣಿ ಉಂಡಳು. ಊರು ಉಂಡಿತು. ನಾಯಿಗಳು ಉಂಡವು. ತಟ್ಟೆ ಬಡಿಯುತ್ತಿದ್ದ ಕೂಸು ಉಂಡು, ತಟ್ಟೆಯಲ್ಲೇ ತಲೆಯಿಟ್ಟು ಮಲಗಿತು.

ಪಾರುಪತ್ಯಗಾರ ಉಣ್ಣಲಿಲ್ಲ. ಬಾಯಲ್ಲಿ ಇನ್ನೂ ಜನ ಇದ್ದರು. ಒಬ್ಬೊಬ್ಬರ ಮುಂದೆ ನಿಂತು, ಮುಖ ನೋಡಿ ಕರೆದ. "ಕರಿಗೂಳಿಯವರೇ." "ಓ!" "ಸಣ್ಣತಾಯಮ್ಮನವರೇ." ಅವಳು ಓ ಅನ್ನುವ ಮೊದಲು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಿಂತೇ ನಿದ್ದೆ ಮಾಡುತ್ತಿದ್ದ ಸೇನಾಪತಿಯ ಮುಂದೆ ಹೋಗಿ "ರಣಭೈರವರೇ" ಅಂದ. ಸೇನಾಪತಿ ಎಚ್ಚರಾಗಿ, ಚಿಂವ್ ಚಿಂವ್ ಅನ್ನುವ ತನ್ನ ಹೆಸರನ್ನು ಬೊಗಸೆಯಲ್ಲಿ ಹಿಡಿದುಕೊಂಡು ಕೆಂಪಾದ. "ಇಷ್ಟು ಚಿಕ್ಕದು ಅಂತ ಯಾರಿಗೂ ಹೇಳಬೇಡಿ" ಅಂದ.

"ಹೇಳಲ್ಲ. ನನ್ನದು ಇನ್ನೂ ಚಿಕ್ಕದು" ಅಂದ ಪಾರುಪತ್ಯಗಾರ.

ಎಲ್ಲರಿಗೂ ಹಂಚಿದ ಮೇಲೂ ನಾಲಿಗೆಯ ತುದಿಯಲ್ಲಿ ಒಂದು ಹೆಸರು ಮಿಕ್ಕಿತು. ಆ ನೀಲಿ ಹೆಸರು. ಅರಮನೆಯಲ್ಲಿ ಎಲ್ಲರನ್ನೂ ನೋಡಿ ಕರೆದ. ಯಾರೂ ಓ ಅನ್ನಲಿಲ್ಲ. ರಾಜನೇ "ಇರಿ, ನಾನು ನೋಡ್ತೀನಿ" ಅಂತ ಓ ಅಂದು ನೋಡಿದ. ಹೆಸರು ಕದಲಲಿಲ್ಲ. ಪಾರುಪತ್ಯಗಾರ ಬದನೆಕಾಯಿ ಮೂಗು ಹೊತ್ತುಕೊಂಡು ಮನೆಗೆ ಹೋದ.

ಹೆಂಡತಿ ಒಲೆಯ ಮುಂದೆ ಇದ್ದಳು. "ಕೈಕಾಲು ತೊಳ್ಕೊಳ್ಳಿ, ಬಡಿಸ್ತೀನಿ" ಅಂದಳು. ಆಮೇಲೆ ತಿರುಗಿ ನೋಡಿದಳು. "ಬಾಯಲ್ಲೇನು?"

"ಒಂದು ಹೆಸರು ಮಿಕ್ಕಿದೆ. ಯಾರದೋ ಏನೋ. ಅರಮನೆಯೆಲ್ಲ ಕೇಳಿದೆ."

"ಏನಂತ ಹೆಸರು?"

ಅವನು ಅವಳ ಮುಖ ನೋಡಿಕೊಂಡು ಹೇಳಿದ. "ನೀಲಮ್ಮಣ್ಣಿ."

ಸೌಟು ಕೈಯಲ್ಲೇ ನಿಂತಿತು. ಒಲೆಯ ಬೆಂಕಿ ಕೂಡ ಆಡುವುದನ್ನು ನಿಲ್ಲಿಸಿತು. ಬಹಳ ದೂರದಿಂದ, ತವರುಮನೆಯ ಅಂಗಳದಿಂದ ಓಡಿ ಬಂದ ಹಾಗೆ, ಅವಳ ದನಿ ಬಂತು.

"ಓ."

ಮಳೆಗೆ ಮುಂಚಿನ ಆಕಾಶದ ಹಾಗೆ ಅಡುಗೆಮನೆಯೆಲ್ಲ ನೀಲಿಯಾಯಿತು. ಮಡಕೆ ನೀಲಿ, ಗೋಡೆ ನೀಲಿ, ಅವನ ಕೈ ನೀಲಿ. ಮದುವೆಯಾಗಿ ಬಂದ ದಿನದಿಂದ ಈ ಹೆಸರು ತನ್ನ ಮನೆಯಲ್ಲಿ ಉಪವಾಸ ಇತ್ತು ಅಂತ ಅವನಿಗೆ ಆಗ ತಿಳಿಯಿತು. ಅವನು ನೆಲದ ಮೇಲೆ ಕೂತ.

"ನೀಲಮ್ಮಣ್ಣಿ."

"ಓ."

"ನೀಲಮ್ಮಣ್ಣಿ."

"ಓ ಅಂದ್ನಲ್ಲ!"

ಅನ್ನ ತಳ ಹಿಡಿಯಿತು. ಇಬ್ಬರಿಗೂ ಬೇಕಾಗಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳೇ ಕೇಳಿದಳು. "ನಿಮ್ಮ ಹೆಸರು ಎಲ್ಲಿ? ಕಾಣಿಸ್ತಿಲ್ಲ."

"ಗುಡ್ಡದಲ್ಲಿ ಒತ್ತೆ ಇದೆ. ಏನು ಅಂತ ಮರೆತೆ. ನಿಂಗೆ ಗೊತ್ತಾ?"

"ಗೊತ್ತು. ಆದ್ರೆ ಗಂಡನ ಹೆಸರು ಹೆಂಗ್ರೀ ಹೇಳೋದು? ಹಂಗೆಲ್ಲ ಹೇಳಬಾರದು."

ಸುದ್ದಿ ಅರಮನೆಗೆ ಮುಟ್ಟಿತು. ಎಲ್ಲರೂ ಬಂದು ಅಂಗಳದಲ್ಲಿ ನಿಂತರು. ಹೊಂಬಾಳಯ್ಯ ಯೋಚಿಸಿದ, ಕರಿಗೂಳಿ ಯೋಚಿಸಿದ, ರಾಜನೂ ಹಣೆಗೆ ಬೆರಳಿಟ್ಟುಕೊಂಡು ಯೋಚಿಸಿದ. ಯಾರಿಗೂ ಹೊಳೆಯಲಿಲ್ಲ. "ನಾವೂ ಅವರನ್ನ ಪಾರುಪತ್ಯಗಾರರೇ ಅಂತ ಅಂದೆವೇ ಹೊರತು ಒಂದು ದಿನ ಹೆಸರು ಕೇಳಲಿಲ್ಲ" ಅಂತ ಹೊಂಬಾಳಯ್ಯ ತಲೆ ತಗ್ಗಿಸಿದ.

ಸಣ್ಣತಾಯಮ್ಮ ಮುಂದೆ ಬಂದಳು. "ಅಲ್ಲಾ, ಮದುವೆ ಮನೇಲಿ ಹೊಸ್ತಿಲು ತಡೆದು ನಿಲ್ಲಿಸಿ, ಒಡಪಿನಲ್ಲಿ ಗಂಡನ ಹೆಸರು ಹೇಳಿಸಲ್ವಾ? ಒಡಪು ಕಟ್ಟಿ ಹೇಳಿದ್ರೆ ದೋಷ ಇಲ್ಲ."

"ಆದ್ರೆ ಗುಡ್ಡದಲ್ಲಿ ಹೊಸ್ತಿಲೆಲ್ಲಿದೆ?" ಅಂದ ರಾಜ.

ಇದು ಕಷ್ಟದ ಪ್ರಶ್ನೆ. ಕರಿಗೂಳಿ ಏನೂ ಹೇಳದೆ ಹೋಗಿ, ಅರಮನೆಯ ಹೆಬ್ಬಾಗಿಲ ಹೊಸ್ತಿಲನ್ನೇ ಕಿತ್ತು ಹೆಗಲ ಮೇಲೆ ಇಟ್ಟುಕೊಂಡು ಬಂದ. ಮುಂದೆ ಹೊಸ್ತಿಲು, ಹಿಂದೆ ನೀಲಮ್ಮಣ್ಣಿ, ಅವಳ ಹಿಂದೆ ರಾಜ, ರಾಣಿ, ಊರು, ನಾಯಿಗಳು. ಎಲ್ಲರಿಗಿಂತ ಹಿಂದೆ, ತನ್ನ ಹೆಸರು ತನಗೇ ಗೊತ್ತಿಲ್ಲದ ಪಾರುಪತ್ಯಗಾರ. ಬಿಸಿಲಿನಲ್ಲಿ ಇಡೀ ಹುರುಳಿಪಟ್ಟಣ ಓಗುಡ್ಡ ಹತ್ತಿತು.

ನೆತ್ತಿಯಲ್ಲಿ ಕರಿಗೂಳಿ ಹೊಸ್ತಿಲು ಇಳಿಸಿದ. ಸುತ್ತ ಆಕಾಶ ಬಿಟ್ಟು ಬೇರೆ ಗೋಡೆ ಇರಲಿಲ್ಲ. ಹೊಂಬಾಳಯ್ಯ, ಸಣ್ಣತಾಯಮ್ಮ, ಸೇನಾಪತಿ ರಣಭೈರವ ಮೂವರೂ ಕೈ ಕೈ ಹಿಡಿದು ಅಡ್ಡ ನಿಂತರು.

"ಹೆಸರು ಹೇಳಿದ್ರೇನೇ ದಾರಿ!" ಅಂದರು.

ನೀಲಮ್ಮಣ್ಣಿ ಸೆರಗು ಸರಿಮಾಡಿಕೊಂಡಳು. ಒಮ್ಮೆ ನಕ್ಕಳು. ಹೇಳಿದಳು:

"ಹೆಸರುಕಾಳು ನೆನೆಯಿಟ್ಟೆ, ಮೊಳಕೆ ಬಂತು ಬಟ್ಟೆಗೆ,
ಹೆಸರು ಹೇಳೋ ಹೊತ್ತು ಬಂತು ಓಗುಡ್ಡದ ತಿಟ್ಟಿಗೆ,
ಊರ ಹೆಸರ ಹೊತ್ತು ತಂದು ತನ್ನ ಹೆಸರ ಮರೆತೋರು
ಚೆಲುವರಾಯರು ಇವರೇ, ನನ್ನ ಕೈಯ ಹಿಡಿದೋರು."

"ಚೆಲುವರಾಯರು ಇವರೇ..." ಅಂತ ಗುಡ್ಡ ಹೇಳಿತು. ಆಮೇಲೆ ಹೊಂಬಾಳಯ್ಯ ಕೂಗಿದ. "ಚೆಲುವರಾಯರೇ!" ಸಣ್ಣತಾಯಮ್ಮ ಕೂಗಿದಳು. ರಾಜ ಕೂಗಿದ. ಮುದುಕಿಯರು ಕೂಗಿದರು. ಇಡೀ ಊರು ಕೂಗಿತು. ಗುಡ್ಡ ಒಂದೊಂದನ್ನೂ ಎತ್ತಿಕೊಂಡು ವಾಪಸು ಕೊಟ್ಟಿತು. ಹಳೇ ಹೆಸರಿನ ಮಡಿಲಿನಿಂದ ಗುಬ್ಬಿಮರಿಯಂಥದ್ದೊಂದು ಕಣ್ಣು ತೆರೆಯಿತು. ಕುಪ್ಪಳಿಸುತ್ತಾ, ಬೀಳುತ್ತಾ, ಏಳುತ್ತಾ ಬಂತು. ಪ್ರತಿ ಕೂಗಿಗೂ ಅದರ ರೆಕ್ಕೆಯಲ್ಲಿ ಒಂದೊಂದು ಗರಿ ಮೂಡುತ್ತಿತ್ತು.

ಪಾರುಪತ್ಯಗಾರ ಬೆರಗಿನಿಂದ ನೋಡುತ್ತಿದ್ದ. ಎಷ್ಟು ಚೆಂದದ ಹೆಸರು, ಯಾರ ಪುಣ್ಯವೋ ಅಂದುಕೊಂಡ. ಇದು ಯಾರ ಹತ್ತಿರ ಹೋಗುತ್ತದೋ ಅಂತ ಹಿಂದೆ ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ. ಮತ್ತೆ ಮುಂದೆ ತಿರುಗಿದ. ಇಡೀ ಊರು ಅವನ ಮುಖವನ್ನೇ ನೋಡುತ್ತಿತ್ತು.

ಅವನು ಬೊಗಸೆ ಒಡ್ಡಿದ. ಗುಬ್ಬಿಮರಿ ಹತ್ತಿ ಕೂತಿತು.

"ಓ" ಅಂದ ಚೆಲುವರಾಯ.

ಕೇಳಿದಿರಲ್ಲ. ಇದರ ನೀತಿ ಏನಪ್ಪಾ ಅಂದರೆ, ಗುಡ್ಡ ಹತ್ತುವಾಗ ಮರೆಯದೆ ಒಂದು ಹೊಸ್ತಿಲು ತೆಗೆದುಕೊಂಡು ಹೋಗಬೇಕು. ಬೇರೆ ನೀತಿ ಬೇಕಾದವರು ಸಾಸಿವೆಯನ್ನು ಕೇಳಿಕೊಳ್ಳಿ. ಅವರು ಗುಡ್ಡದ ಮೇಲೆ, ನಾವು ಜಗಲಿಯ ಮೇಲೆ, ಕತೆ ನಿಮ್ಮ ನಾಲಿಗೆಯ ಮೇಲೆ. ಹೇಳಿದವಳಿಗೆ ಹೆಸರಿಡಬೇಡಿ, ಕೇಳಿದವರು ಹೆಸರು ಕೆಡಿಸಿಕೊಳ್ಳಬೇಡಿ.